ಕಳಿಸುವವನ ಹಕ್ಕು

ಬೆಳಗಾವಿಯ ಸದಾಶಿವನಗರದಿಂದ ಕ್ಯಾಂಪ್ ಪ್ರದೇಶ ಹೆಚ್ಚು ದೂರವಿಲ್ಲ. ಅಲ್ಲಿ ಮರಾಠಾ ಲಘು ಪದಾತಿದಳದ ಕೇಂದ್ರವಿದೆ. ಊರಿನವರಿಗೆ ಹೊಸ ರಂಗರೂಟುಗಳ ಓಟ, ಕವಾಯತು ದಿನನಿತ್ಯದ ನೋಟ. ಇದೇ ರೆಜಿಮೆಂಟಿನ ನಾಯಕ್ ಯಶವಂತ ಘಾಡ್ಗೆ 1944ರ ಜುಲೈ 10ರಂದು ಇಟಲಿಯಲ್ಲಿ, ಜೊತೆಯವರೆಲ್ಲ ಮೆಷಿನ್‌ಗನ್ನಿನ ದಾಳಿಗೆ ಉರುಳಿದ ಮೇಲೆ, ಒಬ್ಬನೇ ನುಗ್ಗಿ ಆ ಗನ್ನನ್ನು ಅಡಗಿಸಿ ಪ್ರಾಣಬಿಟ್ಟ. ಮರಣಾನಂತರ ವಿಕ್ಟೋರಿಯಾ ಕ್ರಾಸ್ ಬಂತು.

ನಾಯಕ್‌ನ ಜಾಗವೇ ಗುಂಡಿನೆದುರು. ಜನರಲ್‌ನದು ಹಾಗಲ್ಲ. ಅವನ ಮುಂದಿರುವುದು ನಕ್ಷೆ, ಟೆಲಿಫೋನು. ಹಾಗಿದ್ದೂ ಅವನ ಒಂದು ಮಾತಿಗೆ ಸಾವಿರಾರು ಮನೆಗಳ ಮಕ್ಕಳು ಬೆಟ್ಟ ಹತ್ತುತ್ತಾರೆ. ಹಾಗೆ ಕಳಿಸುವ ಅಧಿಕಾರ ಹುದ್ದೆಯಿಂದ ಬರುತ್ತದೆ, ಸರಿ. ಹಕ್ಕು ಎಲ್ಲಿಂದ ಬರುತ್ತದೆ?

ಈ ಪ್ರಶ್ನೆಗೆ ಕನ್ನಡನಾಡಿನಲ್ಲೇ ಒಂದು ಬದುಕು ಸಿಗುತ್ತದೆ: ಕೊಡಗಿನ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ ಅವರದು.

1948ರ ಮೇ ತಿಂಗಳಲ್ಲಿ, ಪಾಕಿಸ್ತಾನದೊಂದಿಗಿನ ಕಾಶ್ಮೀರ ಯುದ್ಧದಲ್ಲಿ, ಲಡಾಖಿನ ಲೇಹ್ ಕೈತಪ್ಪುವಂತಿತ್ತು. ಅಲ್ಲಿ ಸುಮಾರು 11,500 ಅಡಿ ಎತ್ತರದ ಕಚ್ಚಾ ರನ್‌ವೇ ಮೇಲೆ ಇಳಿದ ಮೊದಲ ಡಕೋಟಾ ವಿಮಾನವನ್ನು ವಾಯುಪಡೆಯ ಮೆಹರ್ ಸಿಂಗ್ ಹಾರಿಸಿದರು. ಒಳಗೆ ಕೂತಿದ್ದವರು ಡಿವಿಜನ್ ಕಮಾಂಡರ್ ತಿಮ್ಮಯ್ಯ. ಸೆಪ್ಟೆಂಬರಿನಲ್ಲಿ, ಶ್ರೀನಗರದಿಂದ ಲೇಹ್‌ಗೆ ಹೋಗುವ ದಾರಿಯಲ್ಲಿರುವ ಜೋಜಿ ಲಾ ಕಣಿವೆಯನ್ನು ಗೆಲ್ಲುವ ಯತ್ನ ಸೋತಿತು. ಆಗ ತಿಮ್ಮಯ್ಯ ಟ್ಯಾಂಕುಗಳನ್ನೇ ಮೇಲೇರಿಸಲು ಹೊರಟರು. ಸ್ಟುವರ್ಟ್ ಟ್ಯಾಂಕುಗಳ ಗೋಪುರ ಬಿಚ್ಚಿ, ಗುಟ್ಟಾಗಿ ಶ್ರೀನಗರ ದಾಟಿಸಿದರು. ಬೆಂಗಳೂರನ್ನು ನೆಲೆಯಾಗಿಸಿಕೊಂಡ ಮದ್ರಾಸ್ ಸ್ಯಾಪರ್ಸ್ ಯೋಧರು ಬಾಲ್ಟಾಲ್‌ನಿಂದ ಮೇಲಕ್ಕೆ ಹೋಗುವ ಹೇಸರಗತ್ತೆಯ ಜಾಡನ್ನು ಟ್ಯಾಂಕು ಹೋಗುವಷ್ಟು ಅಗಲ ಮಾಡಿದರು. ನವೆಂಬರ್ 1ರಂದು ಟ್ಯಾಂಕುಗಳು ಕಣಿವೆ ಹೊಕ್ಕವು. ತಿಮ್ಮಯ್ಯ ಮುಂಚೂಣಿಯ ಟ್ಯಾಂಕಿನಲ್ಲೇ ಇದ್ದರು.

ಇದನ್ನು ಒಪ್ಪದವರೂ ಇದ್ದಾರೆ. ಆ ಟ್ಯಾಂಕಿಗೆ ಒಂದು ಗುಂಡು ಸರಿಯಾಗಿ ಬಿದ್ದಿದ್ದರೆ ಇಡೀ ಡಿವಿಜನ್ನಿಗೆ ದಿಕ್ಕಿಲ್ಲದಂತಾಗುತ್ತಿತ್ತು. ಸೇನಾಪತಿಯ ಪ್ರಾಣ ಅವನೊಬ್ಬನದಲ್ಲ. ಆಕ್ಷೇಪ ಹುರುಳಿಲ್ಲದ್ದಲ್ಲ. ಆದರೆ ಅಲ್ಲಿ ಎದೆಗಾರಿಕೆಗಿಂತ ದೊಡ್ಡದೊಂದಿತ್ತು. ಹಿಮದಲ್ಲಿ ಬೆರಳು ಮರಗಟ್ಟುವುದು ಹೇಗೆಂದು ಮೈಯಿಂದಲೇ ಬಲ್ಲವನು ಕೊಡುವ ಆದೇಶದಲ್ಲಿ ಆ ಚಳಿಯ ಲೆಕ್ಕವೂ ಸೇರಿರುತ್ತದೆ. ಕಳಿಸುವ ಹಕ್ಕು ಹುಟ್ಟುವುದು ಈ ಅರಿವಿನಿಂದ.

ಅರಿತರಷ್ಟೇ ಸಾಲದು. ಕೆಳಗೆ ಕಂಡದ್ದನ್ನು ಮೇಲಿನವರಿಗೆ ಹೇಳಬೇಕು. ತಿಮ್ಮಯ್ಯನವರ ಬದುಕಿನಲ್ಲಿ ಇದು ಜೋಜಿ ಲಾಗಿಂತ ಕಠಿಣವಾದ ಏರು. ಸೇನಾ ಮುಖ್ಯಸ್ಥರಾಗಿದ್ದ ಅವರು ರಕ್ಷಣಾ ಸಚಿವ ಕೃಷ್ಣ ಮೆನನ್ ಅವರ ಕಾರ್ಯವೈಖರಿಯಿಂದ ಬೇಸತ್ತು 1959ರ ಆಗಸ್ಟ್ 31ರಂದು ರಾಜೀನಾಮೆ ಕೊಟ್ಟರು. ನೆಹರೂ ಮನವೊಲಿಸಿದರು, ತಿಮ್ಮಯ್ಯ ಪತ್ರ ಹಿಂತೆಗೆದುಕೊಂಡರು. ಆಮೇಲೆ ಸಂಸತ್ತಿನಲ್ಲಿ ನೆಹರೂ ಆಡಿದ ಮಾತು ತಪ್ಪೆಲ್ಲ ಜನರಲ್‌ರದೇ ಎಂಬಂತಿತ್ತು.

ಪತ್ರ ಹಿಂತೆಗೆದದ್ದು ಅಂಜಿಕೆಯಿಂದ ಎನ್ನುವುದು ಅನ್ಯಾಯ. ಹಿಂದಿನ ವರ್ಷವಷ್ಟೇ ಪಾಕಿಸ್ತಾನದಲ್ಲಿ ಜನರಲ್ ಅಯೂಬ್ ಖಾನ್ ದೇಶವನ್ನೇ ಕೈಗೆ ತೆಗೆದುಕೊಂಡಿದ್ದರು. ಭಾರತದ ಜನರಲ್ ಚುನಾಯಿತ ಪ್ರಧಾನಿಯ ಮಾತಿಗೆ ಮಣಿದರು. ಆ ಮಣಿಯುವಿಕೆ ಈ ದೇಶಕ್ಕೆ ಸಂದ ದೊಡ್ಡ ಉಪಕಾರ. ಆದರೆ ನಾಗರಿಕ ಸರ್ಕಾರಕ್ಕೆ ತಲೆಬಾಗುವುದು ಬೇರೆ, ಅದರೆದುರು ಸುಮ್ಮನಾಗುವುದು ಬೇರೆ. ಪತ್ರದ ಜೊತೆಗೆ ಅದರ ಹಿಂದಿದ್ದ ದೂರೂ ಮರೆಗೆ ಸರಿಯಿತು. ನಷ್ಟವಾದದ್ದು ಅಲ್ಲಿ.

1961ರ ಮೇ ತಿಂಗಳಲ್ಲಿ ತಿಮ್ಮಯ್ಯ ನಿವೃತ್ತರಾದರು. 17 ತಿಂಗಳ ನಂತರ ಚೀನಾ ದಾಳಿ ಮಾಡಿತು. ಈಶಾನ್ಯದ 4ನೇ ಕೋರ್‌ನ ಹೊಣೆ ಹೊತ್ತಿದ್ದ ಜನರಲ್ ಬಿ. ಎಂ. ಕೌಲ್ ಅನಾರೋಗ್ಯದಿಂದ ದೆಹಲಿಗೆ ಬಂದಿದ್ದರು. ಕಾಯಿಲೆ ಬೀಳುವುದು ಯಾರ ತಪ್ಪೂ ಅಲ್ಲ. ಆದರೆ ಅಧಿಕಾರವನ್ನು ಇನ್ನೊಬ್ಬರಿಗೆ ವಹಿಸದೆ ಹಾಸಿಗೆಯಿಂದಲೇ ಆದೇಶ ಕೊಡುತ್ತಾ ಹೋದದ್ದು ತಪ್ಪು. ಅಕ್ಟೋಬರ್ 20ರ ಬೆಳಗ್ಗೆ ಈಶಾನ್ಯ ಗಡಿಯ ನಾಮ್ಕಾ ಚು ಹೊಳೆಯ ದಂಡೆಯಲ್ಲಿ, ಕೌಲ್ ಅವರ ಅಧೀನದಲ್ಲಿದ್ದ ಬ್ರಿಗೇಡಿಯರ್ ದಳವಿಯವರ 7ನೇ ಬ್ರಿಗೇಡಿನ ಸಿಪಾಯಿಗಳಲ್ಲಿ ಬಹಳ ಮಂದಿ ಹತ್ತಿಯ ಸಮವಸ್ತ್ರದಲ್ಲೇ ಇದ್ದರು. ಚಳಿಗಾಲದ ಬಟ್ಟೆ ಅವರಿಗೆ ತಲುಪಿರಲಿಲ್ಲ. ಆ ಜಾಗ ಕಾಯಲು ತಕ್ಕದ್ದಲ್ಲ ಎಂದು ದಳವಿ ಮೊದಲೇ ಹೇಳಿದ್ದರು.