ಹರಿದ ವಸ್ತ್ರವೂ ತವನಿಧಿಯೂ

ಕೊಟ್ಟ ವಸ್ತುವಿನ ಮೇಲೆ ಕೊಟ್ಟವನಿಗೆ ಉಳಿಯುವ ಅಧಿಕಾರವೇನು ಎಂಬ ಪ್ರಶ್ನೆಯನ್ನು ನಮ್ಮ ಧರ್ಮಚಿಂತಕರು ಬಗೆಬಗೆಯಾಗಿ ವಿಚಾರಿಸಿದ್ದಾರೆ. ಆದರೆ ಸುರಪುರ ಸೀಮೆಯ ಮುದನೂರಿನ ನೇಕಾರ ದೇವರ ದಾಸಿಮಯ್ಯನ ಕಥೆಯಷ್ಟು ನಿಷ್ಠುರವಾಗಿ ಅದನ್ನು ಎದುರಿಸಿದುದು ಮತ್ತೊಂದು ಇದ್ದಂತೆ ನನಗೆ ತೋರುವುದಿಲ್ಲ. ದಾಸಿಮಯ್ಯನು ಬಹುಶ್ರಮದಿಂದ ನೇಯ್ದ ವಸ್ತ್ರವನ್ನು ಜಂಗಮನೊಬ್ಬನು ಬೇಡಿದನು, ಇವನು ಕೊಟ್ಟನು, ಪಡೆದವನಾದರೋ ಅದನ್ನು ಉಡಲಿಲ್ಲ, ಹೊದೆಯಲಿಲ್ಲ, ಕೊಟ್ಟವನ ಕಣ್ಣೆದುರಿಗೇ ಚೂರುಚೂರಾಗಿ ಹರಿದನು. ದಾಸಿಮಯ್ಯ ಮುನಿಯಲಿಲ್ಲ. ಶಿವನು ಮೆಚ್ಚಿ, ಎಷ್ಟು ತೆಗೆದರೂ ಬರಿದಾಗದ ತವನಿಧಿಯನ್ನು ಅನುಗ್ರಹಿಸಿದನೆಂದು ಕಥೆ. ಪವಾಡವೆಂದು ಕೈಮುಗಿದು ಮುಂದೆ ಸಾಗುವುದು ಸುಲಭ. ವಸ್ತ್ರ ಹರಿದುದಕ್ಕೂ ಬತ್ತದ ನಿಧಿಗೂ ಸಂಬಂಧವೇನೆಂದು ಕೇಳಿಕೊಂಡಾಗ ಮಾತ್ರ ಕಥೆ ಕಠಿನವಾಗುತ್ತದೆ.

ಮುಕ್ತ ತಂತ್ರಾಂಶದ ಲೈಬ್ರರಿಗಳನ್ನು ಕಟ್ಟಿ ಲೋಕಕ್ಕೆ ಒಪ್ಪಿಸುವವರ ಕೆಲಸದಲ್ಲಿ ಈ ಸಂಬಂಧವು ನನಗೆ ಸ್ವಲ್ಪ ತಿಳಿಯಾಗಿ ಕಾಣುತ್ತದೆ. ಕನ್ನಡದ್ದೇ ಉದಾಹರಣೆಯನ್ನು ತೆಗೆದುಕೊಳ್ಳೋಣ. ಯಾದಗಿರಿಯಾಗಲಿ ಶಹಾಪುರವಾಗಲಿ, ನಮ್ಮ ಊರುಗಳ ಡಿಟಿಪಿ ಅಂಗಡಿಗಳಲ್ಲಿ ‘ನುಡಿ’ ತಂತ್ರಾಂಶದ ಹಳೆಯ ಅಕ್ಷರಸಂಕೇತದಲ್ಲಿ ಟೈಪಾದ ಪುಸ್ತಕ, ಕರಪತ್ರ, ಲಗ್ನಪತ್ರಿಕೆಗಳನ್ನು ಇಂದಿನ ಯುನಿಕೋಡಿಗೆ ತರಬೇಕಾದರೆ ಪರಿವರ್ತಕವೊಂದು ಬೇಕು. ಹಳೆಯ ಸಂಕೇತದಲ್ಲಿ ಅರ್ಕಾವತ್ತು, ಕಣ್ಣಿಗೆ ಕಾಣುವ ಕ್ರಮದಲ್ಲಿಯೇ, ಅಕ್ಷರದ ಬಳಿಕ ಬರುತ್ತದೆ. ಯುನಿಕೋಡಿನಲ್ಲಿ ಉಚ್ಚಾರಣೆಯ ಕ್ರಮಕ್ಕೆ ಅನುಸಾರವಾಗಿ ರಕಾರವೇ ಮುಂದಿರಬೇಕು. ಈ ಕ್ರಮವನ್ನು ಹಿಂದುಮುಂದು ಮಾಡಲು ಮರೆತ ಪರಿವರ್ತಕವು ‘ಧರ್ಮ’ವನ್ನು ‘ಧಮರ್’ ಎಂದೂ ‘ಸೂರ್ಯ’ನನ್ನು ‘ಸೂಯರ್’ ಎಂದೂ ಮಾಡಿಬಿಡುವುದನ್ನು ಅಂತರ್ಜಾಲದಲ್ಲಿ ಕನ್ನಡ ಓದುವವರೆಲ್ಲ ಬಲ್ಲರು. ಒಬ್ಬ ತರುಣನು ತನ್ನ ಕಂಪ್ಯೂಟರಿನಲ್ಲಿ ತನ್ನ ಕೆಲಸದ ಮಟ್ಟಿಗೆ ಈ ದೋಷವನ್ನು ತಿದ್ದಿಕೊಂಡನೆನ್ನಿ: ಅದು ಜಾಣತನ, ಇನ್ನೂ ದಾನವಲ್ಲ. ಕಾಣದ ಮತ್ತೊಬ್ಬನು ಅದನ್ನು ಎತ್ತಿಕೊಂಡು, ಕೇಳದೆಯೇ ಅರಿತು, ಅಂಜದೆ ಬಳಸುವಂತಾದಾಗ ಅದು ಲೈಬ್ರರಿಯಾಗುತ್ತದೆ.

ಇಲ್ಲಿಯೇ ಪ್ರಾಜೆಕ್ಟ್ ಟೆಂಪ್ಲೇಟ್ ಎಂಬ ವಸ್ತುವಿನ ಮಹತ್ತ್ವ. 2013ರಲ್ಲಿ ಬಳಕೆಗೆ ಬಂದ ಕುಕಿಕಟರ್‌ನಂತಹ ಸಾಧನವು ಒಂದು ಸಾಲು ಕೋಡ್ ಬರೆಯುವುದಕ್ಕೆ ಮೊದಲೇ ಪ್ರಶ್ನೆ ಹಾಕುತ್ತದೆ: ಯೋಜನೆಯ ಹೆಸರೇನು, ಕರ್ತೃ ಯಾರು, ಪರವಾನಗಿ ಯಾವುದು? ಉತ್ತರಿಸಿದೊಡನೆ ಕಡತಗಳ ಒಂದು ಬರಿಯ ಮನೆ ಎದ್ದು ನಿಲ್ಲುತ್ತದೆ. ಅದರಲ್ಲಿ ಪರಿಚಯಕ್ಕೆ ರೀಡ್‌ಮೀ, ಪರೀಕ್ಷೆಗಳಿಗೆ ಒಂದು ಕೋಣೆ, ಬದಲಾವಣೆಗಳ ದಿನಚರಿಗೆ ಒಂದು ಪುಟ, ಆವೃತ್ತಿಯ ಸಂಖ್ಯೆಗೆ ಒಂದು ಎಡೆ. ಇವೆಲ್ಲ ಖಾಲಿ ಜಾಗಗಳೆಂದು ಅವಸರದವರು ಅಳಿಸಿಹಾಕುವುದುಂಟು. ನನಗಾದರೋ ಅವು, ಎದುರಿಗಿಲ್ಲದ ಮನುಷ್ಯನಿಗಾಗಿ ಮೊದಲೇ ಹಾಕಿಟ್ಟ ಆಸನಗಳು. ‘ಧರ್ಮ’ ಎಂಬ ಪದವು ‘ಧರ್ಮ’ವಾಗಿಯೇ ಹೊರಬರುತ್ತದೆಯೆ ಎಂದು ಪ್ರತಿಸಲವೂ ತಾನಾಗಿ ನೋಡುವ ಎರಡು ಸಾಲಿನ ಪರೀಕ್ಷೆ ಬರೆದವನ ಉಪಯೋಗಕ್ಕಿಂತ ಹೆಚ್ಚಾಗಿ, ನಾಳೆ ಅದನ್ನು ತಿದ್ದಹೊರಟವನ ರಕ್ಷಣೆಗೆ ಇರುವುದು. ಆವೃತ್ತಿಯ ಮೂರು ಸಂಖ್ಯೆಗಳಲ್ಲಿ ಮೊದಲನೆಯದು ಏರಿತೆಂದರೆ, ಹಳೆಯ ಬಳಕೆ ಮುರಿಯಬಹುದೆಂದು ಅಪರಿಚಿತನಿಗೆ ಮುಂದಾಗಿ ಹೇಳಿದಂತೆ. ಶೀಲವೆಂದರೆ ಒಳಗಿನ ಭಾವ ಮಾತ್ರವಲ್ಲ, ದಿನವೂ ಆಚರಿಸತಕ್ಕ ಕ್ರಮ ಎಂದು ಶರಣರು ತಿಳಿದದ್ದಕ್ಕೆ ಇದು ಸಮೀಪವಾದದ್ದು.

ಪರವಾನಗಿಯ ಮಾತು ಇನ್ನೂ ಗಹನ. 1998ರಲ್ಲಿ ರೂಪುಗೊಂಡ ಓಪನ್ ಸೋರ್ಸ್ ವ್ಯಾಖ್ಯೆಯ ಪ್ರಕಾರ, ಇಂತಹವರು ಬಳಸಕೂಡದು, ಇಂತಹ ಕೆಲಸಕ್ಕೆ ಬಳಸಕೂಡದು ಎಂದು ಕೊಟ್ಟವನು ವಿಧಿಸುವಂತಿಲ್ಲ. ಜಂಗಮನು ವಸ್ತ್ರವನ್ನು ಹರಿದರೂ ಹರಿಯಲಿ ಎಂಬುದನ್ನು ಮೊದಲೇ ಬರೆದುಕೊಟ್ಟಂತಾಯಿತು. ಇದು ಎಲ್ಲರಿಗೂ ಸಾಧ್ಯವಾದ ಮನಃಸ್ಥಿತಿಯಲ್ಲ. 2016ರ ಮಾರ್ಚ್ ತಿಂಗಳಲ್ಲಿ, ಹೆಸರಿನ ವಿಷಯದ ಒಂದು ವ್ಯಾಜ್ಯದಿಂದ ನೊಂದ ಕರ್ತೃವೊಬ್ಬನು, ಲೈಬ್ರರಿಗಳನ್ನು ಎಲ್ಲರಿಗೂ ಹಂಚುವ ಎನ್‌ಪಿಎಂ ಎಂಬ ಭಂಡಾರದಿಂದ ತನ್ನ ಲೈಬ್ರರಿಗಳನ್ನೆಲ್ಲ ಹಿಂತೆಗೆದುಕೊಂಡನು. ಅವುಗಳಲ್ಲಿ ಲೆಫ್ಟ್‌ಪ್ಯಾಡ್ ಎಂಬ 11 ಸಾಲುಗಳ ಪುಟ್ಟ ಕೃತಿಯೂ ಇದ್ದು, ಅದನ್ನು ನೆಮ್ಮಿದ್ದ ಸಾವಿರಾರು ಯೋಜನೆಗಳು ಲೋಕದಾದ್ಯಂತ ಒಮ್ಮೆಲೆ ಮುಗ್ಗರಿಸಿದವು. ಭಂಡಾರದವರು ಆ ಕೃತಿಯನ್ನು ಮರಳಿ ಇರಿಸಿ, ಹಿಂತೆಗೆಯುವ ನಿಯಮವನ್ನು ಬಿಗಿಮಾಡಿದರು. ಆ ಕರ್ತೃವಿನ ನೋವು ನಿಜವಾದದ್ದೆಂದೇ ನಾನು ನಂಬುತ್ತೇನೆ. ಆದರೂ ನ್ಯಾಯವು ಭಂಡಾರದ ಪಕ್ಷದಲ್ಲಿತ್ತೆನ್ನಬೇಕು. ಕೊಟ್ಟ ಮೇಲೆ ಆ 11 ಸಾಲುಗಳು ಇತರರ ಗೋಡೆಗಳೊಳಗೆ ಸೇರಿಹೋಗಿದ್ದವು.

ಹಾಗಾದರೆ ತವನಿಧಿ ಯಾವುದು? ಕೋಡ್ ತಾನೇ ತವನಿಧಿ. ಲಕ್ಷ ಜನ ನಕಲು ಮಾಡಿಕೊಂಡರೂ ಮೂಲದಲ್ಲಿ ಒಂದಕ್ಷರ ಕುಂದದು. ಆದುದರಿಂದಲೇ ಕೋಡನ್ನು ಕೊಟ್ಟದ್ದನ್ನು ತ್ಯಾಗವೆನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ. ವ್ಯಯವಾಗುವುದು ಬೇರೆ: ದೂರುಗಳಿಗೆ ಉತ್ತರಿಸುವ ಸಂಜೆಗಳು, ಯಾರದೋ ಕಂಪ್ಯೂಟರಿನಲ್ಲಿ ಮಾತ್ರ ಕಾಣುವ ದೋಷವನ್ನು ಹುಡುಕುವ ರಾತ್ರಿಗಳು. ಕೋಡ್ ಕೊಟ್ಟವನ ಆಯುಷ್ಯಕ್ಕೆ ಯಾವ ಶಿವನೂ ತವನಿಧಿಯ ವರ ಕೊಟ್ಟಿಲ್ಲ; ಅವನು ದಣಿದು ಕೈಬಿಟ್ಟಾಗ ಬಯ್ಯುವ ಹಕ್ಕು ಬಳಸಿದವರಿಗೂ ಇಲ್ಲ.

ಹಾಗೆ ಕೈಬಿಟ್ಟದ್ದನ್ನು ಮತ್ತೊಬ್ಬನು ಎತ್ತಿಕೊಳ್ಳುವ ಗಳಿಗೆಯಲ್ಲಿ ಹೆಸರಿನ ಪ್ರಶ್ನೆ ಬರುತ್ತದೆ. ಎಂಐಟಿ ಪರವಾನಗಿಯು ಬಳಸಲು, ತಿದ್ದಲು, ಮಾರಲು ಕೂಡ ಒಪ್ಪಿಗೆ ಕೊಟ್ಟು, ತನ್ನ ಒಕ್ಕಣೆಯನ್ನೂ ಕರ್ತೃವಿನ ಹೆಸರಿನ ಸಾಲನ್ನೂ ಉಳಿಸಿರೆಂದಷ್ಟೇ ಕೇಳುತ್ತದೆ. ಒಡೆತನ ಹೋಗಲಿ, ಹೆಸರಿರಲಿ ಎಂಬುದು ಅಹಂಕಾರದ ಶೇಷವೆ? ನಾನು ಹಾಗೆಣಿಸೆನು. ದಾಸಿಮಯ್ಯನ ವಚನಗಳು ರಾಮನಾಥನೆಂಬ ಅಂಕಿತದಲ್ಲಿ ಮುಗಿಯುತ್ತವೆ. ಕರ್ತೃವು ಅಲ್ಲಿ ಗುರುತಾಗುವುದು ತನ್ನ ಹೆಸರಿನಿಂದಲ್ಲ, ತಾನು ಯಾರಿಗೆ ಒಪ್ಪಿಸಿದನೋ ಆ ದೈವದ ಹೆಸರಿನಿಂದ. ಆತನ ಪತ್ನಿ ದುಗ್ಗಳೆಯೂ ವಚನ ರಚಿಸಿದವಳು. ಆಕೆ ಗಂಡನ ಅಂಕಿತವನ್ನು ಹಾಗೆಯೇ ಎತ್ತಿಕೊಳ್ಳಲಿಲ್ಲ, ತೊರೆಯಲೂ ಇಲ್ಲ. ‘ದಾಸಯ್ಯಪ್ರಿಯ ರಾಮನಾಥ’ ಎಂದು ಅದಕ್ಕೆ ಮುಂದೊಂದು ಪದ ಜೋಡಿಸಿದಳು. ಕೈಬಿಟ್ಟ ಲೈಬ್ರರಿಯೊಂದನ್ನು ಎತ್ತಿ ಮುನ್ನಡೆಸುವ ಹೊಸಬನು ಪರವಾನಗಿಯ ಕಡತದಲ್ಲಿ ಹಳೆಯ ಹೆಸರನ್ನು ಅಳಿಸದೆ ಅದರ ಕೆಳಗೆ ತನ್ನ ಹೆಸರಿನ ಸಾಲನ್ನು ಬರೆಯುವುದೂ ಇದೇ ಬಗೆಯ ರೂಢಿಯಿಂದಲೇ.