ಹೊಸ ಮನೆಗೆ ಯಾವ ದಿಕ್ಕು ಒಳ್ಳೆಯದು?



ಈ ತಿಂಗಳು ನಮ್ಮ ಬಳಗದ ಎರಡು ಕುಟುಂಬಗಳು ಹೊಸ ಮನೆಗೆ ಹೋಗುತ್ತಿವೆ. ನಾವು ಕಳೆದ ವರ್ಷ ಹೋದೆವು. ಹಾಗಾಗಿ ಪ್ರಶ್ನೆಗಳೆಲ್ಲ ನನ್ನ ಕಡೆಗೇ ಬರುತ್ತಿವೆ. "ಅಕ್ಕಾ, ಗೃಹಪ್ರವೇಶ ಹೇಗೆ ಮಾಡಿದ್ರಿ?" "ನಿಮ್ಮ ಬಾಗಿಲು ಯಾವ ದಿಕ್ಕಿಗಿದೆ?" "ನಾವು ವಾಸ್ತು ನಂಬಲ್ಲ, ಸರಿ. ಆದ್ರೆ ಬಂದ ನೆಂಟರು ಹೆದರಿಸ್ತಾರಲ್ಲ, ಅವರಿಗೆ ಏನು ಹೇಳೋದು?" ಇವಕ್ಕೆಲ್ಲ ಬುದ್ಧರ ಒಂದು ಉಪದೇಶದಲ್ಲೇ ಉತ್ತರವಿದೆ. ಇಂದಿನ ಚಿಂತನೆ ಅದರ ಬಗ್ಗೆ.

ದೀಘನಿಕಾಯದಲ್ಲಿ ಸಿಗಾಲೋವಾದ ಸುತ್ತ ಎಂದಿದೆ. ಸಿಗಾಲ ರಾಜಗೃಹದ ಒಬ್ಬ ಗೃಹಸ್ಥನ ಮಗ. ಬೆಳಿಗ್ಗೆ ಒದ್ದೆ ಬಟ್ಟೆ, ಒದ್ದೆ ತಲೆಯಲ್ಲಿ ನಿಂತು ಪೂರ್ವ, ದಕ್ಷಿಣ, ಪಶ್ಚಿಮ, ಉತ್ತರ, ಕೆಳಗೆ, ಮೇಲೆ ಎಂದು ಆರೂ ದಿಕ್ಕಿಗೆ ಕೈಮುಗಿಯುತ್ತಿದ್ದ. ಆಗ ವೇಳುವನದಲ್ಲಿ ತಂಗಿದ್ದ ಭಗವಾನ್ ಬುದ್ಧರು ಭಿಕ್ಷೆಗೆ ಹೊರಟವರು ಅವನನ್ನು ಕಂಡು, ಯಾಕಪ್ಪ ಹೀಗೆ ಮಾಡುತ್ತೀಯ ಎಂದು ಕೇಳಿದರು. ಅಪ್ಪ ಸಾಯುವಾಗ ಹೇಳಿ ಹೋದರು, ಅದಕ್ಕೆ ಎಂದ. ಬುದ್ಧರು ಅವನನ್ನು ಗೇಲಿ ಮಾಡಲಿಲ್ಲ. ದಿಕ್ಕುಗಳನ್ನು ಪೂಜಿಸುವ ರೀತಿ ಇದಲ್ಲ ಎಂದು ಹೇಳಿ, ಒಂದೊಂದು ದಿಕ್ಕಿನಲ್ಲಿ ಒಂದೊಂದು ಸಂಬಂಧವನ್ನು ಇಟ್ಟು ತೋರಿಸಿದರು. ಪೂರ್ವದಲ್ಲಿ ತಾಯಿ ತಂದೆ, ದಕ್ಷಿಣದಲ್ಲಿ ಗುರುಗಳು, ಪಶ್ಚಿಮದಲ್ಲಿ ಹೆಂಡತಿ ಮಕ್ಕಳು, ಉತ್ತರದಲ್ಲಿ ಸ್ನೇಹಿತರು, ಕೆಳಗೆ ಕೆಲಸ ಮಾಡುವವರು, ಮೇಲೆ ಶ್ರಮಣರು. ಈ ಆರು ಜನರ ಜೊತೆ ಸರಿಯಾಗಿ ನಡೆದುಕೊಂಡರೆ ಆರೂ ದಿಕ್ಕಿನಿಂದ ನಿನಗೆ ರಕ್ಷಣೆ ಎಂದರು.

ಬಿಲ್ಡರ್ ಕಚೇರಿಗೆ ಹೋದ ಮೊದಲ ದಿನ ನಮಗೆ ತೋರಿಸಿದ್ದು "ನೂರಕ್ಕೆ ನೂರು ವಾಸ್ತು" ಎಂಬ ನಕ್ಷೆ. ಆಗ್ನೇಯಕ್ಕೆ ಅಡುಗೆಮನೆ, ನೈಋತ್ಯಕ್ಕೆ ಯಜಮಾನನ ಕೋಣೆ, ಈಶಾನ್ಯಕ್ಕೆ ದೇವರಕೋಣೆ. ಪೂರ್ವಕ್ಕೆ ಬಾಗಿಲಿರುವ ಫ್ಲ್ಯಾಟಿಗೆ ಬೆಲೆ ಹೆಚ್ಚು. ದಕ್ಷಿಣಕ್ಕೆ ಬಾಗಿಲಿರುವುದು ಯಾರಿಗೂ ಬೇಡವಾಗಿ ಕೊನೆಯವರೆಗೂ ಉಳಿದಿತ್ತು. ನಾವು ಅದನ್ನೇ ತೆಗೆದುಕೊಂಡೆವು. ಗಾಳಿ ಬೆಳಕು ನೋಡಬೇಡಿ ಎಂದು ನಾನು ಹೇಳುವುದಿಲ್ಲ. ಅಡುಗೆಮನೆಗೆ ಬೆಳಕು ಬೀಳುತ್ತದೆಯೇ, ಮಧ್ಯಾಹ್ನದ ಬಿಸಿಲು ಯಾವ ಗೋಡೆಗೆ ಹೊಡೆಯುತ್ತದೆ, ಮಳೆನೀರು ಎಲ್ಲಿ ನಿಲ್ಲುತ್ತದೆ ಎಂಬುದು ಎರಡು ಸಲ ಹೋಗಿ ನಿಂತರೆ ಕಣ್ಣಿಗೇ ಕಾಣುತ್ತದೆ. ಅದಕ್ಕೆ ಶಾಸ್ತ್ರ ಬೇಕಿಲ್ಲ.

ನೆಂಟರು ಹೆದರಿಸಿದಾಗ ನಾನು ಹೇಳುವುದು ಬೇರೆ. ದಿಕ್ಕಿನ ಲೆಕ್ಕ ಈ ನಾಡಿನಲ್ಲಿ ಯಾವತ್ತೂ ಬರೀ ಗಾಳಿ ಬೆಳಕಿನದಾಗಿರಲಿಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಕೋಟೆಯ ಊರು ಕಟ್ಟುವ ಕ್ರಮ ಇದೆ. ಉತ್ತರಕ್ಕೆ ಬ್ರಾಹ್ಮಣರು, ಪೂರ್ವಕ್ಕೆ ಕ್ಷತ್ರಿಯರು, ದಕ್ಷಿಣಕ್ಕೆ ವೈಶ್ಯರು, ಪಶ್ಚಿಮಕ್ಕೆ ಶೂದ್ರರು. ಚಂಡಾಲರಿಗೆ ಜಾಗ ಸ್ಮಶಾನದ ಅಂಚಿನಲ್ಲಿ. ಮನುಸ್ಮೃತಿ ಅವರನ್ನು ಊರ ಹೊರಗೇ ಇರಿಸುತ್ತದೆ. ಅಸ್ಪೃಶ್ಯರು ಊರ ಹೊರಗೆ ಯಾಕೆ ಇದ್ದಾರೆ ಎಂಬ ಪ್ರಶ್ನೆಯನ್ನೇ ಹಿಡಿದು ಬಾಬಾಸಾಹೇಬರು 1948ರಲ್ಲಿ ಒಂದು ಪುಸ್ತಕ ಬರೆದರು. ನಮ್ಮ ಕೇರಿಗಳು ಊರಾಚೆ ಇರುವುದಕ್ಕೆ ನಮ್ಮ ಅಜ್ಜಂದಿರು ದಿಕ್ಕು ನೋಡಿ ಮನೆ ಕಟ್ಟದೇ ಇದ್ದದ್ದು ಕಾರಣವಲ್ಲ. ಬೇರೆ ಯಾರೋ ದಿಕ್ಕು ನೋಡಿ ನಮಗೆ ಜಾಗ ತೋರಿಸಿದ್ದು ಕಾರಣ. ಆ ಲೆಕ್ಕವನ್ನು ಈಗ ನಾವೇ ದುಡ್ಡು ಕೊಟ್ಟು ಮನೆಯೊಳಗೆ ತರಬೇಕೇ? ಹೀಗೆ ಕೇಳಿದರೆ ಬಹಳ ಜನ ಸುಮ್ಮನಾಗುತ್ತಾರೆ.

ಸರಿ, ಬುದ್ಧರು ಹೇಳಿದ ಆರು ದಿಕ್ಕು ಹೊಸ ಮನೆಯಲ್ಲಿ ಎಲ್ಲಿವೆ?

ಪೂರ್ವ, ತಾಯಿ ತಂದೆ. ನಮ್ಮನ್ನು ಸಾಕಿದವರನ್ನು ನಾವು ಸಾಕುವುದು ಮೊದಲ ಕರ್ತವ್ಯ. ಮನೆ ನೋಡುವಾಗ ಅವ್ವ ಅಪ್ಪ ಮೆಟ್ಟಿಲು ಹತ್ತಬಲ್ಲರೇ, ಬಚ್ಚಲಿನ ಟೈಲ್ಸ್ ಜಾರುತ್ತದೆಯೇ ಎಂದು ನೋಡಿ. ಅವರು ಊರಲ್ಲೇ ಇರುತ್ತೇವೆ ಎಂದರೂ, ಬಂದಾಗ ಮಲಗಲು ಒಂದು ಮೂಲೆ ಅವರದ್ದೇ ಎಂದು ಇರಲಿ.

ದಕ್ಷಿಣ, ಗುರುಗಳು. ಬಾಬಾಸಾಹೇಬರು 1930ರ ದಶಕದ ಆರಂಭದಲ್ಲಿ ಮುಂಬೈಯ ದಾದರ್‌ನ ಹಿಂದೂ ಕಾಲನಿಯಲ್ಲಿ ಮನೆ ಕಟ್ಟಿಸಿದಾಗ ಅದಕ್ಕೆ ರಾಜಗೃಹ ಎಂದು ಹೆಸರಿಟ್ಟರು. ಸಿಗಾಲ ನಿಂತು ಕೈಮುಗಿದ ಊರಿನ ಹೆಸರೂ ಅದೇ. ಆ ಮನೆಯಲ್ಲಿ ದೊಡ್ಡ ಜಾಗ ಸಿಕ್ಕಿದ್ದು ಪುಸ್ತಕಗಳಿಗೆ. ನಮ್ಮದು ಎರಡು ಕೋಣೆಯ ಫ್ಲ್ಯಾಟ್. ಈಶಾನ್ಯ ಮೂಲೆಯಲ್ಲಿ ದೇವರಕೋಣೆಗೆಂದು ಬಿಟ್ಟಿದ್ದ ಗೂಡಿನಲ್ಲಿ ಪುಸ್ತಕದ ಕಪಾಟು ಇಟ್ಟಿದ್ದೇವೆ. ಮಗಳು ಅಲ್ಲೇ ಕೂತು ಓದುತ್ತಾಳೆ.

ಪಶ್ಚಿಮ, ಬಾಳಸಂಗಾತಿ. ಗಂಡ ಹೆಂಡತಿಗೆ ಮಾಡಬೇಕಾದ ಐದು ಕರ್ತವ್ಯಗಳಲ್ಲಿ, ಅಧಿಕಾರವನ್ನು ಅವಳ ಕೈಗೆ ಕೊಡುವುದೂ ಒಂದು ಎಂದು ಬುದ್ಧರು ಹೇಳಿದ್ದಾರೆ. ಇಂದು ಮನೆಯ ಮಟ್ಟಿಗೆ ಅಧಿಕಾರ ಎಂದರೆ ಕ್ರಯಪತ್ರದಲ್ಲಿ ಹೆಸರು. ಹೆಣ್ಣಿಗೆ ಆಸ್ತಿಯ ಹಕ್ಕು ಕೊಡುವ ಹಿಂದೂ ಕೋಡ್ ಬಿಲ್ ಮುಂದೆ ಸಾಗದೆ ಹೋದದ್ದು 1951ರಲ್ಲಿ ಬಾಬಾಸಾಹೇಬರು ಮಂತ್ರಿ ಪದವಿ ಬಿಡಲು ಒಂದು ಮುಖ್ಯ ಕಾರಣ. ಅವರ ಫೋಟೋ ಗೋಡೆಯ ಮೇಲೆ ಇದ್ದು ಕ್ರಯಪತ್ರ ಗಂಡನೊಬ್ಬನ ಹೆಸರಲ್ಲಿದ್ದರೆ ಆ ಫೋಟೋಗೆ ಏನರ್ಥ? ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನಮ್ಮ ಮನೆಯವರೂ ನಾನೂ ಇಬ್ಬರೂ ಹೆಬ್ಬೆಟ್ಟು ಒತ್ತಿ ಫೋಟೋ ತೆಗೆಸಿಕೊಂಡೆವು. ಖಾತೆಯೂ ಇಬ್ಬರ ಹೆಸರಲ್ಲಿದೆ, ಸಾಲದ ಕಂತೂ ಇಬ್ಬರ ಸಂಬಳದಿಂದ ಹೋಗುತ್ತದೆ.

ಕ್ರಯಪತ್ರದ ಮಾತು ಬಂತು, ದುಡ್ಡಿನ ಮಾತೂ ಆಡಿಬಿಡೋಣ. ಬುದ್ಧರು ಅನಾಥಪಿಂಡಿಕನಿಗೆ ಗೃಹಸ್ಥರ ನಾಲ್ಕು ಸುಖ ಹೇಳಿದರು. ಗಳಿಸಿದ್ದು ಇದೆ ಎಂಬ ಸುಖ, ಅದನ್ನು ಅನುಭವಿಸುವ ಸುಖ, ಸಾಲವಿಲ್ಲದ ಸುಖ, ತಪ್ಪು ಮಾಡಿಲ್ಲ ಎಂಬ ಸುಖ. ಕೊನೆಯದೇ ದೊಡ್ಡದು. ಇಪ್ಪತ್ತು ವರ್ಷದ ಸಾಲ ತೆಗೆದವರಿಗೆ ಮೂರನೆಯದು ಸದ್ಯಕ್ಕೆ ಇಲ್ಲ. ನಾಲ್ಕನೆಯದಾದರೂ ನಮ್ಮ ಕೈಯಲ್ಲಿದೆ. ಬಿಲ್ಡರ್ "ಇಷ್ಟು ವೈಟ್, ಇಷ್ಟು ಕ್ಯಾಶ್" ಎಂದು ಕೇಳಿದಾಗ ನಾವು ಆಗುವುದಿಲ್ಲ ಎಂದೆವು. ಎರಡು ತಿಂಗಳು ಎಳೆದಾಡಿದ, ಆಮೇಲೆ ಒಪ್ಪಿದ. ಕ್ರಯಪತ್ರದಲ್ಲಿ ಕಡಿಮೆ ಬೆಲೆ ಬರೆಸುವುದು ಸುಳ್ಳು, ಸರ್ಕಾರಕ್ಕೆ ಹೋಗಬೇಕಾದ ಶುಲ್ಕ ಉಳಿಸಿಕೊಳ್ಳುವುದು ಕೊಡದಿದ್ದನ್ನು ತೆಗೆದುಕೊಂಡಂತೆ. ಎರಡು ಶೀಲ ಒಂದೇ ಸಹಿಯಲ್ಲಿ ಮುರಿಯುತ್ತವೆ. ಆಸ್ತಿ ಖರೀದಿಯ ಮುಂಗಡವನ್ನು 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದಾಗಿ ಪಡೆಯುವಂತಿಲ್ಲ ಎಂದು ಕಾನೂನೂ ಹೇಳುತ್ತದೆ. ರೇರಾ ಕಾಯ್ದೆಯಡಿ ನೋಂದಣಿಯಾದ ಕಟ್ಟಡವಾದರೆ, ಬರವಣಿಗೆಯ ಒಪ್ಪಂದ ನೋಂದಣಿ ಆಗುವ ಮೊದಲು ಬೆಲೆಯ ಶೇಕಡಾ 10ಕ್ಕಿಂತ ಹೆಚ್ಚು ಕೇಳುವಂತಿಲ್ಲ. ಸ್ವಾಧೀನಕ್ಕೆ ಕೊಟ್ಟ 5 ವರ್ಷದೊಳಗೆ ಕಟ್ಟಡದ ರಚನೆಯಲ್ಲಿ ದೋಷ ಕಂಡರೆ ಬಿಲ್ಡರೇ ಸರಿಪಡಿಸಬೇಕು. ಇವನ್ನು ತಿಳಿದುಕೊಂಡು ಹೋಗಿ. ನಮ್ಮ ಜನ ಕಚೇರಿಗಳಲ್ಲಿ ತಲೆ ತಗ್ಗಿಸಿ ನಿಂತದ್ದು ಸಾಕು.

ಉತ್ತರ, ಸ್ನೇಹಿತರು ಮತ್ತು ನೆರೆಹೊರೆ. ಇಲ್ಲಿ ಸ್ವಲ್ಪ ನಿಲ್ಲಬೇಕು. ಸ್ನೇಹಿತರ ಜೊತೆ ಸಮಾನವಾಗಿ ನಡೆದುಕೋ, ಅವರಿಗೆ ಮೋಸ ಮಾಡಬೇಡ ಎಂದು ಬುದ್ಧರು ಹೇಳುತ್ತಾರೆ. ಹೊಸ ಮನೆಗೆ ಹೋದ ಮೊದಲ ವಾರದಲ್ಲೇ ಪಕ್ಕದ ಮನೆಯವರು ಕೇಳುತ್ತಾರೆ, "ನಿಮ್ಮದು ಯಾವ ಕಡೆ? ನಿಮ್ಮವರು ಯಾರು?" ಕೇಳುವುದು ಊರಿನ ಹೆಸರನ್ನಲ್ಲ ಎಂದು ನಮಗೂ ಗೊತ್ತು, ಅವರಿಗೂ ಗೊತ್ತು. ನಮ್ಮ ಮನೆಯಲ್ಲೂ ಈ ಚರ್ಚೆ ಆಯಿತು. ಬುದ್ಧರ ವಿಗ್ರಹ ಹಾಲ್‌ನಲ್ಲಿ ಇರಲಿ, ಅದು ಎಲ್ಲರ ಮನೆಯಲ್ಲೂ ಶೋಕಿಗೆ ಇರುತ್ತದೆ. ಬಾಬಾಸಾಹೇಬರ ಫೋಟೋ ಸ್ವಲ್ಪ ದಿನ ಒಳಗಿನ ಕೋಣೆಯಲ್ಲಿರಲಿ, ಮಕ್ಕಳು ಇಲ್ಲಿ ಆಟಕ್ಕೆ ಸೇರಿಕೊಳ್ಳಲಿ, ಆಮೇಲೆ ನೋಡೋಣ ಎಂದು ಮನೆಯವರು ಹೇಳಿದರು. ಅವರ ಮಾತಿನಲ್ಲಿ ಹೇಡಿತನ ಇರಲಿಲ್ಲ, ಮಕ್ಕಳ ಮೇಲಿನ ಕಾಳಜಿ ಇತ್ತು. ಬಾಡಿಗೆ ಮನೆಗೆ ಅಲೆದ ದಿನಗಳಲ್ಲಿ ಬೆಳಿಗ್ಗೆ ಖಾಲಿ ಇದ್ದ ಮನೆ ಹೆಸರು ಹೇಳಿದ ಮೇಲೆ ಸಂಜೆಗೆ "ಬೇರೆಯವರಿಗೆ ಕೊಟ್ಟುಬಿಟ್ಟೆವು" ಆದದ್ದನ್ನು ನಾವಿಬ್ಬರೂ ಕಂಡವರು.

ಜಾತಿ ಮುಚ್ಚಿಡುವುದು ನಾಲ್ಕನೆಯ ಶೀಲಕ್ಕೆ ಭಂಗವೇ? ನಾನು ಇದನ್ನು ಬಹಳ ಯೋಚಿಸಿದ್ದೇನೆ. 1917ರಲ್ಲಿ ಬಾಬಾಸಾಹೇಬರು ವಿದೇಶದಲ್ಲಿ ಓದಿ ಬಂದು ಬರೋಡಾದಲ್ಲಿ ಕೆಲಸಕ್ಕೆ ಸೇರಿದಾಗ ಇರಲು ಎಲ್ಲೂ ಜಾಗ ಸಿಗಲಿಲ್ಲ. ಪಾರ್ಸಿಗಳ ಒಂದು ವಸತಿಗೃಹದಲ್ಲಿ ಪಾರ್ಸಿ ಹೆಸರು ಬರೆಸಿ ಉಳಿದರು. ಹನ್ನೊಂದನೆಯ ದಿನ ಕೋಲು ಹಿಡಿದು ಬಂದವರು ಹೊರಗೆ ಹಾಕಿದರು. ಇದನ್ನು ಅವರೇ ಬರೆದಿಟ್ಟಿದ್ದಾರೆ. ಸೂರಿಗಾಗಿ ಹೆಸರು ಮುಚ್ಚಿಟ್ಟವರನ್ನು ನಾವು ಹಗುರವಾಗಿ ನೋಡಬಾರದು. ಹೆಸರು ಮುಚ್ಚಿದರೆ ಮಾತ್ರ ಸೂರು ಎಂಬ ಷರತ್ತು ಹಾಕಿದವರದ್ದೇ ಆ ಪಾಪ.

ಆದರೆ ಬಾಡಿಗೆಗೆ ಇರುವವರ ಸ್ಥಿತಿ ಬೇರೆ, ಕ್ರಯಪತ್ರ ಕೈಯಲ್ಲಿರುವವರ ಸ್ಥಿತಿ ಬೇರೆ. ನಮ್ಮನ್ನು ಈಗ ಯಾರೂ ಹೊರಗೆ ಹಾಕಲಾರರು. ನಾಳೆ ಇದೇ ಕಟ್ಟಡಕ್ಕೆ ನಮ್ಮವರೇ ಒಬ್ಬ ಹುಡುಗ ಬಾಡಿಗೆ ಕೇಳಿಕೊಂಡು ಬಂದರೆ, ಓನರುಗಳ ಮೀಟಿಂಗಿನಲ್ಲಿ ಅವನ ಪರ ಯಾರು ಮಾತಾಡಬೇಕು? ಎಷ್ಟು ಭದ್ರತೆ ಸಿಕ್ಕಿದೆಯೋ ಅಷ್ಟು ಹೊಣೆಯೂ ಬಂದಿದೆ ಎಂದು ನನಗೆ ಅನ್ನಿಸುತ್ತದೆ. ಹಾಗಾಗಿ ಬಾಬಾಸಾಹೇಬರ ಫೋಟೋ ಹಾಲ್‌ನಲ್ಲಿ, ಬಾಗಿಲು ತೆಗೆದರೆ ಕಾಣುವಂತೆ ಇದೆ. ಇಬ್ಬರು ನೆರೆಯವರು ಬರುವುದು ಕಡಿಮೆ ಮಾಡಿದರು. ಮೇಲಿನ ಮಹಡಿಯ ಒಬ್ಬ ಹುಡುಗಿ ಮಾತ್ರ ಒಂದು ಸಂಜೆ ಬಂದು, "ಆಂಟಿ, ನಾವೂ ನಿಮ್ಮವರೇ. ನಮ್ಮಪ್ಪ ಯಾರಿಗೂ ಹೇಳಬೇಡ ಅಂದಿದಾರೆ," ಎಂದಳು. ನಾನು ಯಾರಿಗೂ ಹೇಳಿಲ್ಲ. ಹೇಳುವ ದಿನವನ್ನು ಅವರೇ ಆರಿಸಿಕೊಳ್ಳಬೇಕು.

ಕೆಳಗಿನ ದಿಕ್ಕು, ಕೆಲಸ ಮಾಡುವವರು. ವಾಸ್ತು ಹೇಳುವವರು ಈ ದಿಕ್ಕನ್ನು ಮಾತಾಡುವುದೇ ಇಲ್ಲ. ನಮ್ಮ ಕಟ್ಟಡ ಕಟ್ಟಿದವರು ಯಾದಗಿರಿ, ರಾಯಚೂರು ಕಡೆಯಿಂದ ಗುಳೆ ಬಂದವರು. ಸೈಟಿನ ತಗಡಿನ ಶೆಡ್ಡಿನಲ್ಲಿ ಮಕ್ಕಳ ಜೊತೆ ಇದ್ದರು. ನಮ್ಮಪ್ಪ ಸೆಂಟ್ರಿಂಗ್ ಕೆಲಸ ಮಾಡಿದವರು. ಅವರು ಹೇಳುತ್ತಿದ್ದ ಮಾತು, ಹಲಗೆ ಬಿಚ್ಚುವ ತನಕ ಮನೆ ನಮ್ಮದು, ಹೋಮ ಆದಮೇಲೆ ಗೇಟಿನ ಒಳಗೂ ಬಿಡಲ್ಲ. ಗೃಹಪ್ರವೇಶದಲ್ಲಿ ಪುಣ್ಯಾಹದ ನೀರು ಚಿಮುಕಿಸಿ, ಹಸು ನುಗ್ಗಿಸಿ ಶುದ್ಧ ಮಾಡುತ್ತಾರೆ. ಹೊಚ್ಚ ಹೊಸ ಮನೆಯಲ್ಲಿ ಆ ಮೈಲಿಗೆ ಯಾರದ್ದು? ಅಲ್ಲಿ ಅದಕ್ಕೂ ಮೊದಲು ಉಂಡವರು, ಮಲಗಿದವರು, ಬೆವರು ಸುರಿಸಿದವರು ಒಬ್ಬರೇ ತಾನೇ. ಬ್ರಾಹ್ಮಣರಿಂದ ಯಾವ ಕರ್ಮವನ್ನೂ ಮಾಡಿಸುವುದಿಲ್ಲ ಎಂದು 1956ರಲ್ಲಿ ನಾಗಪುರದಲ್ಲಿ ಬಾಬಾಸಾಹೇಬರು ಕೊಟ್ಟ 22 ಪ್ರತಿಜ್ಞೆಗಳಲ್ಲಿ ಇದೆ. ಮನೆಯ ಹೊಸಿಲಲ್ಲಿ ನಿಂತಾಗ ಅದರ ಬೆಲೆ ಗೊತ್ತಾಗುತ್ತದೆ.

ಕೆಲಸದವರಿಗೆ ಬುದ್ಧರು ಐದು ಹೇಳಿದ್ದಾರೆ. ಶಕ್ತಿಗೆ ತಕ್ಕ ಕೆಲಸ, ಊಟ ಮತ್ತು ಕೂಲಿ, ಕಾಯಿಲೆಯಲ್ಲಿ ಆರೈಕೆ, ವಿಶೇಷ ಅಡುಗೆಯಲ್ಲಿ ಪಾಲು, ಸಮಯಕ್ಕೆ ಬಿಡುವು. ನಾವು ಮನೆಗೆ ಬಂದ ದಿನ ಮೇಸ್ತ್ರಿ, ಗಾರೆಯವರು, ಬಣ್ಣದವರು, ಶೆಡ್ಡಿನ ಹೆಂಗಸರು ಮಕ್ಕಳನ್ನು ಕರೆದೆವು. ಅವರ ಜೊತೆ ತ್ರಿಸರಣ, ಪಂಚಶೀಲ ಹೇಳಿ, ಹಾಲ್‌ನಲ್ಲೇ ಸಾಲಾಗಿ ಕೂತು ಪಾಯಸದ ಊಟ ಮಾಡಿದೆವು. ಒಂದು ದಿನದ ಊಟ ದೊಡ್ಡದಲ್ಲ. ಅವರಲ್ಲಿ ಮೂವರಿಗೆ ಕಟ್ಟಡ ಕಾರ್ಮಿಕರ ಮಂಡಳಿಯ ಕಾರ್ಡ್ ಇರಲಿಲ್ಲ. ಹಿಂದಿನ 12 ತಿಂಗಳಲ್ಲಿ 90 ದಿನ ಕೆಲಸ ಮಾಡಿದ್ದಕ್ಕೆ ದೃಢೀಕರಣ ಬೇಕು. ಬಿಲ್ಡರ್ ಹತ್ತಿರ ಅದನ್ನು ಬರೆಸಿ ಅರ್ಜಿ ಹಾಕಿಸಿದೆವು. ಹೊಸ ಮನೆ ಮಾಡುವವರು ಪ್ರತಿಯೊಬ್ಬರೂ ಇಷ್ಟು ಮಾಡಬಹುದು.

ಮುಂದೆ ಮನೆಗೆಲಸಕ್ಕೆ ಒಬ್ಬರು ಬರುತ್ತಾರೆ. ಅವರಿಗೆ ಬೇರೆ ಲೋಟ ಇಟ್ಟರೆ ಮನೆ ಯಾವ ದಿಕ್ಕಿಗಿದ್ದರೂ ಅದು ಮನುವಿನ ಮನೆ.

ಮೇಲಿನ ದಿಕ್ಕು, ಶ್ರಮಣರು. ಅವರಿಗೆ ಮಾಡಬೇಕಾದ್ದರಲ್ಲಿ ಬಾಗಿಲು ತೆರೆದಿಡುವುದೂ ಒಂದು. ಭಿಕ್ಷುಗಳು ನಮ್ಮ ಊರುಗಳಿಗೆ ಬರುವುದು ಅಪರೂಪ. ಅವರು ಬರುವ ತನಕ ಆ ಬಾಗಿಲು ಓದಲು ನಗರಕ್ಕೆ ಬರುವ ಕೇರಿಯ ಮಕ್ಕಳಿಗೆ, ಪರೀಕ್ಷೆ ಬರೆಯಲು ಬಂದು ಒಂದು ರಾತ್ರಿ ಉಳಿಯಬೇಕಾದವರಿಗೆ ತೆರೆದಿರಲಿ. ನಮ್ಮ ಬಳಗದ ಭಾನುವಾರದ ಓದೂ ಸರದಿಯಲ್ಲಿ ಅಲ್ಲೇ ನಡೆಯಲಿ.

ಇಂದು ಯೋಚಿಸಲು: ನಿಮ್ಮ ಮನೆ ಸ್ವಂತದ್ದಿರಲಿ, ಬಾಡಿಗೆಯದಿರಲಿ, ಈ ಆರು ದಿಕ್ಕಿನಲ್ಲಿ ಯಾವುದು ಮುಚ್ಚಿದೆ? ಅದನ್ನು ತೆರೆಯಲು ಈ ವಾರ ಏನು ಮಾಡಬಹುದು? ಭಾನುವಾರ ಮಾತಾಡೋಣ.

ಎಲ್ಲರಿಗೂ ಮಂಗಳವಾಗಲಿ. ನಮೋ ಬುದ್ಧಾಯ, ಜೈ ಭೀಮ್.