ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ

ಕಳೆದ ಯುಗಾದಿ ಊಟದ ದಿನ ಒಬ್ಬಟ್ಟಿನ ಸಾಲಿನಲ್ಲಿ ನಿಂತಿದ್ದಾಗ ಸ್ನೇಹಿತರೊಬ್ಬರ ಮಗಳು ಸಿಕ್ಕಿದಳು. ನಮ್ಮ ಸಂಘದ ವೇದಿಕೆಯ ಮೇಲೆಯೇ ಕೋಲಾಟ ಆಡಿ ಬೆಳೆದ ಹುಡುಗಿ. ಈಗ ಒಂದು ಪ್ರಾದೇಶಿಕ ವಿಮಾನ ಕಂಪನಿಯಲ್ಲಿ ಕೋ-ಪೈಲಟ್. ಸಂತೋಷವಾಯಿತು, ಬೆನ್ನು ತಟ್ಟಿದೆ. ಅವಳು ಮಾತ್ರ ನಗಲಿಲ್ಲ. "ಅಂಕಲ್, ನೀವು ನಮ್ಮ ಪತ್ರಿಕೆಗೆ ಏನಾದರೂ ಬರೀತಿರ್ತೀರಲ್ಲ, ಇದಕ್ಕೆ ಉತ್ತರ ಹೇಳಿ. ಜಗಳ ಆಡ್ತಿರೋ ಅಣ್ಣ ತಮ್ಮ ಇಬ್ಬರಿಗೂ ಒಬ್ಬರೇ ಲಾಯರ್ ಇರಬಹುದಾ?" ಎಂದಳು.

ಆ ದಿನ ನನಗೆ ಉತ್ತರ ಹೊಳೆಯಲಿಲ್ಲ. ತಟ್ಟೆಯಲ್ಲಿ ಒಬ್ಬಟ್ಟಿತ್ತು ಎಂಬುದೊಂದೇ ಅದಕ್ಕೆ ಕಾರಣವಲ್ಲ. ಆಮೇಲೆ ಯೋಚಿಸಿದ್ದನ್ನು ಇಲ್ಲಿ ಬರೆದಿದ್ದೇನೆ.

ಮೊದಲು ಅವಳ ಪ್ರಶ್ನೆಯ ಹಿನ್ನೆಲೆ. ನಾವು ಸಿನ್ಸಿನಾಟಿಯಿಂದ ಹತ್ತಿರದ ಊರಿಗೆ ಹೋಗಲು ದೊಡ್ಡ ಕಂಪನಿಯ ಹೆಸರಿನಲ್ಲಿ ಟಿಕೆಟ್ ಕೊಳ್ಳುತ್ತೇವೆ. ವಿಮಾನದ ಮೇಲೆ ಅದೇ ಕಂಪನಿಯ ಬಣ್ಣ, ಬಾಲದ ಮೇಲೆ ಅದೇ ಗುರುತು. ಆದರೆ ಹಾರಿಸುವ ಪೈಲಟ್‌ಗಳಿಗೆ ಸಂಬಳ ಕೊಡುವವರು ಬೇರೆ. ದೊಡ್ಡ ಕಂಪನಿ ಟಿಕೆಟ್ ಮಾರುತ್ತದೆ, ಸಣ್ಣ ಕಂಪನಿಗೆ ಹಾರಾಟಕ್ಕೆ ಇಷ್ಟೆಂದು ಹಣ ಕೊಡುತ್ತದೆ. ಒಂದೇ ಆಕಾಶ, ಒಂದೇ ಹವಾಮಾನ, ಒಂದೇ ರನ್‌ವೇ. ಸಂಬಳ ಮಾತ್ರ ಬೇರೆ.

ಇನ್ನೊಂದು ಸಂಗತಿಯನ್ನು ಹೊರಗಿನವರು ಗಮನಿಸುವುದಿಲ್ಲ. ಪೈಲಟ್‌ಗಳ ಜೀವನವೆಲ್ಲ ಸೀನಿಯಾರಿಟಿ ನಂಬರಿನ ಮೇಲೆ ನಿಂತಿದೆ. ಯಾವ ವಿಮಾನ, ಯಾವ ಊರು, ಯಾವ ಹಬ್ಬಕ್ಕೆ ರಜೆ, ಎಲ್ಲವೂ ಆ ನಂಬರಿನಿಂದ. ಕಂಪನಿ ಬದಲಾಯಿಸಿದರೆ ಇಪ್ಪತ್ತು ವರ್ಷದ ಅನುಭವವಿದ್ದರೂ ಸಾಲಿನ ಕಟ್ಟಕಡೆಗೆ ಹೋಗಿ ನಿಲ್ಲಬೇಕು. ಹಾಗಾಗಿ ಸಣ್ಣ ಕಂಪನಿ ಮುಚ್ಚಿದರೆ ಅಲ್ಲಿನ ಪೈಲಟ್ ಕೆಲಸದ ಜೊತೆಗೆ ತನ್ನ ವಯಸ್ಸನ್ನೂ ಕಳೆದುಕೊಂಡಂತೆ.

ಡೆಲ್ಟಾ, ಯುನೈಟೆಡ್ ಮುಂತಾದ ದೊಡ್ಡ ಕಂಪನಿಗಳ ಪೈಲಟ್‌ಗಳು ತಮ್ಮ ಒಪ್ಪಂದದಲ್ಲಿ ಒಂದು ಷರತ್ತು ಹಾಕಿಸಿಕೊಂಡಿದ್ದಾರೆ. ಅದಕ್ಕೆ ಸ್ಕೋಪ್ ಎನ್ನುತ್ತಾರೆ. ಸಣ್ಣ ಕಂಪನಿಗೆ ಕೊಡುವ ವಿಮಾನದಲ್ಲಿ 76ಕ್ಕಿಂತ ಹೆಚ್ಚು ಆಸನ ಇರಬಾರದು, ಅಂಥ ವಿಮಾನಗಳ ಸಂಖ್ಯೆಯೂ ಮಿತಿ ಮೀರಬಾರದು ಎಂಬುದು ಅದರ ಸಾರ. ಅವರ ಭಯ ಸುಳ್ಳಲ್ಲ. ಮಿತಿ ಇಲ್ಲದಿದ್ದರೆ ಕಂಪನಿಯು ಇಂದು ಐವತ್ತು ಆಸನದ ಕೆಲಸ, ನಾಳೆ ನೂರರ ಕೆಲಸ ಎಂದು ಎಲ್ಲವನ್ನೂ ಅಗ್ಗದವರಿಗೆ ದಾಟಿಸಿಬಿಡಬಹುದು. ಆದರೆ ತಮ್ಮನ ಕಡೆಯಿಂದ ನೋಡಿ: ಅವನ ಬೆಳವಣಿಗೆಗೆ ಛಾವಣಿ ಹಾಕಿದವರು ಧಣಿಗಳಷ್ಟೇ ಅಲ್ಲ, ಅಣ್ಣಂದಿರು. ಈ ಅಣ್ಣ ತಮ್ಮ ಇಬ್ಬರಲ್ಲೂ ಅನೇಕರು ಒಂದೇ ಯೂನಿಯನ್ನಿನ, ಅಂದರೆ 1931ರಲ್ಲಿ ಹುಟ್ಟಿದ ಏರ್ ಲೈನ್ ಪೈಲಟ್ಸ್ ಅಸೋಸಿಯೇಷನ್ನಿನ ಸದಸ್ಯರು. ಹುಡುಗಿ ಕೇಳಿದ ಲಾಯರು ಇವರೇ.

ಇದು ನಮ್ಮ ಊರಿಗೆ ಹೊಸತೂ ಅಲ್ಲ. ಹಳಬರಿಗೆ 2001ರ ಕಾಮ್‌ಏರ್ ಮುಷ್ಕರ ನೆನಪಿರಬಹುದು. ಇಲ್ಲಿಯೇ ನೆಲೆ ಮಾಡಿಕೊಂಡಿದ್ದ, 1993ರಲ್ಲಿ ಈ ದೇಶದಲ್ಲಿ ಐವತ್ತು ಆಸನದ ಪುಟ್ಟ ಜೆಟ್ಟುಗಳನ್ನು ಮೊದಲು ಹಾರಿಸಿದ ಕಂಪನಿ ಅದು. ಆಗ ಅದರ ಒಡೆತನ ಡೆಲ್ಟಾದ್ದು. ಮಾರ್ಚ್ 26ರಂದು ಸುಮಾರು 1,350 ಪೈಲಟ್‌ಗಳು ಕೆಲಸ ನಿಲ್ಲಿಸಿದರು. ಜೂನ್ 22ಕ್ಕೆ ಮುಷ್ಕರ ಮುಗಿಯಿತು. ಒಟ್ಟು 89 ದಿನ ಒಂದೂ ವಿಮಾನ ಏಳಲಿಲ್ಲ. ನಾವೂ ಡೆಲ್ಟಾದ ಜೆಟ್ ಹಾರಿಸುತ್ತೇವೆ, ನಮ್ಮ ಸಂಬಳ, ನಿವೃತ್ತಿ, ವಿಶ್ರಾಂತಿ ಆ ಲೆಕ್ಕಕ್ಕೆ ಹತ್ತಿರವಾದರೂ ಬರಲಿ ಎಂಬುದು ಅವರ ಕೇಳಿಕೆ. ನಾವು ನಡೆಸುವುದು ಸಣ್ಣ ವಿಮಾನ, ಅದರ ಆದಾಯ ದೊಡ್ಡ ವಿಮಾನದ ಸಂಬಳವನ್ನು ತಾಳದು ಎಂದು ಆಡಳಿತ ವರ್ಗ. ಎರಡು ಮಾತಿನಲ್ಲೂ ಸತ್ಯವಿತ್ತು.

ಯೂನಿಯನ್ ಅವರ ಕೈ ಬಿಡಲಿಲ್ಲ. ಮುಷ್ಕರದಲ್ಲಿದ್ದವರಿಗೆ ಭತ್ಯೆ ಕೊಟ್ಟಿತು. ಆ ಹಣದಲ್ಲಿ ಅಣ್ಣಂದಿರ ಚಂದಾವೂ ಇತ್ತು. ಹಾಗಿದ್ದೂ ಅದೇ ವರ್ಷ ಕೆಲವು ಪ್ರಾದೇಶಿಕ ಪೈಲಟ್‌ಗಳು ಆ ಸ್ಕೋಪ್ ಷರತ್ತಿನ ವಿಷಯದಲ್ಲಿ ತಮ್ಮದೇ ಯೂನಿಯನ್ ಮೇಲೆ ಕೋರ್ಟಿಗೆ ಹೋದರು. ಒಂದೇ ಕೈ ಊಟವನ್ನೂ ಬಡಿಸಿತು, ಎಲೆಯನ್ನೂ ಚಿಕ್ಕದು ಮಾಡಿತು ಎಂಬುದು ಅವರ ಸಂಕಟ.

ಈ ದೇಶದ ಕಾನೂನು ಇಂಥ ಪ್ರಶ್ನೆಯನ್ನು ಮೊದಲೇ ಕಂಡಿದೆ. ವಿಮಾನದವರಿಗೂ ರೈಲಿನವರಿಗೂ ಇರುವುದು ಒಂದೇ ಕಾಯಿದೆ, 1926ರ ರೈಲ್ವೆ ಲೇಬರ್ ಆಕ್ಟ್. 1936ರಲ್ಲಿ ಅದನ್ನು ವಿಮಾನಗಳಿಗೂ ವಿಸ್ತರಿಸಿದರು. 1944ರಲ್ಲಿ ಅಲಬಾಮಾದ ಕಪ್ಪು ಜನಾಂಗದ ರೈಲು ಕಾರ್ಮಿಕನೊಬ್ಬ ಸುಪ್ರೀಂ ಕೋರ್ಟಿಗೆ ಹೋದ. ಅವನನ್ನು ಸದಸ್ಯನಾಗಿ ಸೇರಿಸಿಕೊಳ್ಳದ ಯೂನಿಯನ್ನೇ ಅವನ ಪರವಾಗಿಯೂ ಮಾತುಕತೆಗೆ ಕೂತು, ಅವನಂಥವರನ್ನು ಕೆಲಸದಿಂದ ಸರಿಸುವ ಒಪ್ಪಂದ ಮಾಡಿತ್ತು. ಎಲ್ಲರ ಪರವಾಗಿ ಮಾತಾಡುವ ಅಧಿಕಾರ ಪಡೆದವರಿಗೆ ಎಲ್ಲರನ್ನೂ ನ್ಯಾಯವಾಗಿ ನೋಡುವ ಹೊಣೆಯೂ ಉಂಟು ಎಂದು ಕೋರ್ಟು ಹೇಳಿತು. ಆದರೆ 1991ರಲ್ಲಿ ಪೈಲಟ್‌ಗಳ ಯೂನಿಯನ್ ಮೇಲೆಯೇ ಬಂದ ಒಂದು ಮೊಕದ್ದಮೆಯಲ್ಲಿ ಅದೇ ಕೋರ್ಟು ಆ ಹೊಣೆಯ ಮೇರೆಯನ್ನೂ ಗುರುತಿಸಿತು: ಮನಬಂದಂತೆ ನಡೆದಿರಬಾರದು, ತಾರತಮ್ಯ ಇರಬಾರದು, ದುರುದ್ದೇಶ ಇರಬಾರದು, ಅಷ್ಟಿದ್ದರೆ, ಒಪ್ಪಂದ ಆಮೇಲೆ ಕೆಟ್ಟದೆಂದು ಕಂಡರೂ ಯೂನಿಯನ್ ತಪ್ಪಿತಸ್ಥ ಅಲ್ಲ.

ಕಾನೂನು ಅಲ್ಲಿಗೆ ನಿಲ್ಲುತ್ತದೆ. ಧರ್ಮದ ಪ್ರಶ್ನೆ ಅಲ್ಲಿಂದ ಮುಂದಕ್ಕೆ.

ಮುಷ್ಕರದಿಂದ ಕಾಮ್‌ಏರ್ ಪೈಲಟ್‌ಗಳ ಸಂಬಳ ಏರಿತು. ಆದರೆ ಅಗ್ಗವಾಗಿ ಹಾರಿಸುವ ಬೇರೆ ಕಂಪನಿಗಳು ಇದ್ದೇ ಇದ್ದವು. 2005ರಲ್ಲಿ ಡೆಲ್ಟಾ, ಕಾಮ್‌ಏರ್ ಎರಡೂ ದಿವಾಳಿ ಅರ್ಜಿ ಹಾಕಿದವು. 2012ರ ಸೆಪ್ಟೆಂಬರ್ 29ರಂದು ಕಾಮ್‌ಏರ್ ಕೊನೆಯ ಬಾರಿ ಹಾರಿತು. ಮುಷ್ಕರವೇ ಅದನ್ನು ಕೊಂದಿತು ಎಂದು ಹೇಳುವುದು ಸುಲಭ. ನಡುವೆ ಸೆಪ್ಟೆಂಬರ್ 11 ಬಂತು, ಎಣ್ಣೆ ಬೆಲೆ ಬಂತು, ಐವತ್ತು ಆಸನದ ಜೆಟ್ಟು ನಷ್ಟದ ಬಾಬತ್ತಾಯಿತು.

ಸಂಬಳದ ಜಗಳದಲ್ಲಿ ನಮಗೇನು ಎನ್ನುವವರಿಗೆ ಇನ್ನೊಂದು ದಿನ ನೆನಪಿಸಬೇಕು. 2009ರ ಫೆಬ್ರವರಿ 12ರ ರಾತ್ರಿ ಬಫಲೋ ಹತ್ತಿರ ಕೋಲ್ಗನ್ ಏರ್ ವಿಮಾನ ಬಿದ್ದು ಐವತ್ತು ಜನ ಸತ್ತರು. ಟಿಕೆಟ್ಟಿನ ಮೇಲಿದ್ದದ್ದು ಕಾಂಟಿನೆಂಟಲ್ ಹೆಸರು. ಪೈಲಟ್ ಮಾಡಿದ ತಪ್ಪೇ ಕಾರಣ ಎಂದು ತನಿಖೆ ಹೇಳಿತು. ಆಯಾಸವನ್ನು ಕಾರಣಗಳ ಪಟ್ಟಿಗೆ ಸೇರಿಸಲಿಲ್ಲ, ಸೇರಿಸಬೇಕಿತ್ತು ಎಂದು ಮಂಡಳಿಯ ಅಧ್ಯಕ್ಷೆ ವರದಿಯನ್ನು ಒಪ್ಪಿಕೊಂಡೇ ಪ್ರತ್ಯೇಕ ಹೇಳಿಕೆ ಬರೆದರು. ವಿಚಾರಣೆಯಲ್ಲಿ ಹೊರಬಿದ್ದ ಸಂಗತಿ ಮಾತ್ರ ಜನರನ್ನು ಬೆಚ್ಚಿಬೀಳಿಸಿತು. ಕೋ-ಪೈಲಟ್ ಹಿಂದಿನ ರಾತ್ರಿ ಸಿಯಾಟಲ್‌ನಿಂದ ಬೇರೆ ವಿಮಾನಗಳಲ್ಲಿ ದೇಶ ದಾಟಿ ಕೆಲಸಕ್ಕೆ ಬಂದಿದ್ದಳು. ಅವಳ ಸಂಬಳ ವರ್ಷಕ್ಕೆ ಹದಿನಾರು ಸಾವಿರ ಡಾಲರೋ, ಇಪ್ಪತ್ತು ಸಾವಿರ ಚಿಲ್ಲರೆಯೋ ಎಂಬ ಚರ್ಚೆಯೇ ನಡೆಯಿತು. 2010ರ ಕಾಯಿದೆಯಿಂದ ವಿಶ್ರಾಂತಿಯ ನಿಯಮಗಳು ಬಿಗಿಯಾದವು, ಕೋ-ಪೈಲಟ್‌ಗೂ ಸಾಮಾನ್ಯವಾಗಿ 1,500 ಗಂಟೆ ಹಾರಾಟ ಬೇಕಾಯಿತು, ವಿಮಾನವನ್ನು ನಿಜವಾಗಿ ಹಾರಿಸುವವರು ಯಾರೆಂದು ಟಿಕೆಟ್ ಮಾರುವಾಗಲೇ ಹೇಳಬೇಕಾಯಿತು.

ಆಮೇಲೆ ಕಾಲ ತಿರುಗಿತು. ಕೊರೋನಾ ಮುಗಿಯುತ್ತಿದ್ದಂತೆ ಪೈಲಟ್‌ಗಳೇ ಸಿಗದಾದರು. 2022ರಲ್ಲಿ ಅಮೆರಿಕನ್ ಏರ್‌ಲೈನ್ಸ್ ಒಡೆತನದ ಮೂರು ಸಣ್ಣ ಕಂಪನಿಗಳು ಹೊಸ ಕೋ-ಪೈಲಟ್‌ಗೆ ಗಂಟೆಗೆ 90 ಡಾಲರ್ ಕೊಡಲು ಒಪ್ಪಿದವು. 89 ದಿನದ ಮುಷ್ಕರ ತರಲಾರದ್ದನ್ನು ಕೊರತೆ ತಂದಿತು. ಇದನ್ನು ನ್ಯಾಯ ಎನ್ನೋಣವೇ? ನನಗೆ ಹಾಗನ್ನಿಸುವುದಿಲ್ಲ. ಮಳೆ ಬಂತೆಂದು ಕೆರೆ ತುಂಬಿದರೆ ಅದು ನಮ್ಮ ಧರ್ಮವಲ್ಲ. ಬರಗಾಲದಲ್ಲಿ ನೀರನ್ನು ಹೇಗೆ ಹಂಚಿದೆವು ಎಂಬುದರಲ್ಲಿ ಧರ್ಮ ಕಾಣುತ್ತದೆ.

ಇಲ್ಲಿ ನನ್ನದೊಂದು ಮಾತು ಹೇಳಲೇಬೇಕು. 1998ರಲ್ಲಿ ನಾನು ವೈ-ಟೂ-ಕೆ ಕೆಲಸಕ್ಕೆ ಕಾಂಟ್ರಾಕ್ಟಿನ ಮೇಲೆ ಇಲ್ಲಿಗೆ ಬಂದೆ. ಪಕ್ಕದ ಮೇಜಿನವನು ಮಾಡುತ್ತಿದ್ದುದೂ ನಾನು ಮಾಡುತ್ತಿದ್ದುದೂ ಒಂದೇ ಕೆಲಸ. ಕುತ್ತಿಗೆಯ ಬ್ಯಾಡ್ಜಿನ ಬಣ್ಣ ಮಾತ್ರ ಬೇರೆ. ಕ್ರಿಸ್‌ಮಸ್ ಊಟಕ್ಕೆ ಎಲ್ಲರೂ ಎದ್ದು ಹೋದಾಗ ನಾನು ಡಬ್ಬಿ ಬಿಚ್ಚಿ ಚಿತ್ರಾನ್ನ ತಿಂದದ್ದು ಇನ್ನೂ ನೆನಪಿದೆ. ಕೆಲವು ವರ್ಷಗಳ ನಂತರ ಬೇರೊಂದು ಕಡೆ ನನ್ನ ಕೆಲಸ ಕಾಯಂ ಆಯಿತು. ಒಂದು ಮೀಟಿಂಗಿನಲ್ಲಿ ಕಾಂಟ್ರಾಕ್ಟಿನವರಿಗೆ ಮುಖ್ಯ ಕೆಲಸ ಕೊಡಬಾರದು ಎಂಬ ಮಾತು ಬಂದಾಗ ಕೈ ಎತ್ತಿದವರಲ್ಲಿ ನಾನೂ ಒಬ್ಬ. ಮನೆ ಸಾಲವಿತ್ತು, ಇಬ್ಬರು ಮಕ್ಕಳಿದ್ದರು. ಆ ಕಾಂಟ್ರಾಕ್ಟಿನವರಲ್ಲಿ ಒಬ್ಬ ನಮ್ಮ ದಾವಣಗೆರೆ ಕಡೆಯ ಹುಡುಗ. ಅವನು ಆ ಕೋಣೆಯಲ್ಲಿ ಇರಲಿಲ್ಲ; ಅವನನ್ನು ಯಾರೂ ಕರೆದೇ ಇರಲಿಲ್ಲ.

ಆದ್ದರಿಂದ ದೊಡ್ಡ ಕಂಪನಿಯ ಪೈಲಟ್‌ಗಳನ್ನು ಬೈಯಲು ನನಗೆ ಬಾಯಿಲ್ಲ. ತನ್ನ ಅನ್ನವನ್ನು ಕಾಯ್ದುಕೊಳ್ಳುವುದು ಪಾಪವಲ್ಲ. ತಮ್ಮನ ಅನ್ನದ ವಿಷಯವನ್ನು ಅವನಿಲ್ಲದ ಕೋಣೆಯಲ್ಲಿ ತೀರ್ಮಾನಿಸಿ, ಆಮೇಲೆ ಇದು ನಿನ್ನ ಒಳ್ಳೆಯದಕ್ಕೇ ಎಂದು ಹೇಳುವುದು ತಪ್ಪು. ಧಣಿಯಿಂದ ನ್ಯಾಯ ಕೇಳುವವರು ತಮ್ಮೊಳಗಿನ ಸಣ್ಣವರಿಗೆ ನ್ಯಾಯ ಕೊಡದಿದ್ದರೆ, ಧಣಿಗೆ ಬೇರೆ ಆಯುಧವೇ ಬೇಕಿಲ್ಲ.

ಹಾಗಾದರೆ ಆ ಹುಡುಗಿಗೆ ನನ್ನ ಉತ್ತರ ಇಷ್ಟು. ಅಣ್ಣ ತಮ್ಮಂದಿರಿಗೆ ಒಬ್ಬರೇ ಲಾಯರು ಇರಬಹುದಮ್ಮ, ಎರಡು ಷರತ್ತಿನ ಮೇಲೆ. ತಮ್ಮನಿಗೆ ತಟ್ಟುವ ಮಾತು ಬಂದಾಗ ಅವನೂ ಕೋಣೆಯಲ್ಲಿರಬೇಕು. ಅವನಿಗೆ ಕಡಿಮೆ ಕೊಡುವುದಾದರೆ ಕಾರಣವನ್ನು ಅವನ ಮುಖ ನೋಡಿ ಹೇಳುವಂತಿರಬೇಕು. ಇವೆರಡೂ ಇಲ್ಲದಿದ್ದರೆ ಬೇರೆ ಲಾಯರನ್ನು ಹುಡುಕುವುದು ದ್ರೋಹವಲ್ಲ.

ಇನ್ನು ನಾವು, ಟಿಕೆಟ್ ಕೊಳ್ಳುವವರು. ಮುಂದಿನ ಸಲ ಟಿಕೆಟ್ ತೆಗೆಯುವಾಗ ಸಣ್ಣ ಅಕ್ಷರದಲ್ಲಿರುವ ಆ ಇನ್ನೊಂದು ಕಂಪನಿಯ ಹೆಸರನ್ನು ಒಮ್ಮೆ ಓದಿ. ಇಳಿಯುವಾಗ ಬಾಗಿಲ ಬಳಿ ನಿಂತ ಪೈಲಟ್‌ಗೆ ನಮಸ್ಕಾರ ಹೇಳಿ. ನಮ್ಮ ಕೋಲಾಟದ ಹುಡುಗಿಯೇ ಇದ್ದರೂ ಇರಬಹುದು.